ಚಾಟ್ ತಂತ್ರಾಂಶದಲ್ಲಿ ಪಠ್ಯ ಕಡತಗಳ ಸರಳ ನಿರ್ವಹಣೆ: ಅರ್ಜಿದಾರರಿಗೆ ಮಾಹಿತಿ

1. ಉದ್ದೇಶ

ನಾಡಕಚೇರಿ, ತಾಲ್ಲೂಕು ಕಚೇರಿ ಮತ್ತಿತರ ಸರ್ಕಾರಿ ಕಚೇರಿಗಳಲ್ಲಿ ಸೇವೆ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಅರ್ಜಿ ಸಂಖ್ಯೆ, ದಿನಾಂಕ ಹಾಗೂ ಪ್ರಮಾಣ ಪತ್ರದ ಸಂಖ್ಯೆಗಳನ್ನು ತಮ್ಮ ಗಣಕಯಂತ್ರದಲ್ಲಿಯೇ ಕ್ರಮಬದ್ಧವಾಗಿ ಇಟ್ಟುಕೊಳ್ಳಲು ಅನುಕೂಲವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

2011ರ ಸೇವಾ ಖಾತರಿ ಅಧಿನಿಯಮದನ್ವಯ ಸಕಾಲ ಯೋಜನೆಯು 2012ರ ಏಪ್ರಿಲ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದಿತು. ಈ ಯೋಜನೆಯಡಿ ಪ್ರತಿ ಅರ್ಜಿಗೂ 15 ಸ್ಥಾನಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ನೀಡಲಾಗುತ್ತದೆ. ಅರ್ಜಿಯ ಸ್ಥಿತಿಯನ್ನು ತಿಳಿಯಲು, ಮೇಲ್ಮನವಿ ಸಲ್ಲಿಸಲು ಹಾಗೂ ವಿಳಂಬಕ್ಕಾಗಿ ದಿನವೊಂದಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ಕೋರಲು ಈ ಸಂಖ್ಯೆಯೇ ಆಧಾರ. ಅದೇ ರೀತಿ ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳ ಮೇಲೆ ‘ಆರ್‌ಡಿ’ ಎಂಬ ಅಕ್ಷರಗಳಿಂದ ಆರಂಭವಾಗುವ, 13 ಅಂಕಿಗಳುಳ್ಳ ಸಂಖ್ಯೆ ಇರುತ್ತದೆ. ವಿದ್ಯಾರ್ಥಿವೇತನ ಮತ್ತು ವೃತ್ತಿಪರ ಕೋರ್ಸುಗಳ ಪ್ರವೇಶದ ಅರ್ಜಿಗಳಲ್ಲಿ ಇದನ್ನು ನಮೂದಿಸಬೇಕಾಗುತ್ತದೆ.

ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯಲ್ಲಿ ಪಡೆದ ಪ್ರಮಾಣ ಪತ್ರವು ಸಾಮಾನ್ಯವಾಗಿ ಮನೆಯ ಟ್ರಂಕಿನಲ್ಲಿ ಇರುತ್ತದೆ. ಅದರ ಸಂಖ್ಯೆ ಬೇಕಾಗುವುದು ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಓದುತ್ತಿರುವ ಮಕ್ಕಳಿಗೆ. ಹಲವು ವೇಳೆ ಅರ್ಜಿಯ ಕೊನೆಯ ದಿನದಂದು. ಒಂದು ಅಂಕಿ ತಪ್ಪಿದರೂ ಅರ್ಜಿ ಮುಂದುವರಿಯುವುದಿಲ್ಲ. ಆದುದರಿಂದ ಸಂಖ್ಯೆಯನ್ನು ಒಮ್ಮೆ ಸರಿಯಾಗಿ ಬರೆದಿಟ್ಟು, ಬೇಕಾದಾಗ ಅದನ್ನೇ ನಕಲು ಮಾಡಿ ಕಳುಹಿಸುವುದು ಕ್ಷೇಮ.

2. ತಂತ್ರಾಂಶದ ಪರಿಚಯ

ಇಂಟರ್‌ನೆಟ್ ರಿಲೇ ಚಾಟ್ ಅಥವಾ ಐಆರ್‌ಸಿ ವ್ಯವಸ್ಥೆಯನ್ನು 1988ರಲ್ಲಿ ಫಿನ್‌ಲೆಂಡಿನ ಯಾರ್ಕೊ ಒಯ್ಕರಿನೆನ್ ಅವರು ರೂಪಿಸಿದರು. ವಿಂಡೋಸ್ ಗಣಕಯಂತ್ರಗಳಲ್ಲಿ ಇದನ್ನು ಬಳಸಲು ಖಾಲಿದ್ ಮರ್ದಮ್-ಬೇ ಅವರು 1995ರಲ್ಲಿ ಎಂಐಆರ್‌ಸಿ ಎಂಬ ತಂತ್ರಾಂಶವನ್ನು ಹೊರತಂದರು. ಇದನ್ನು 30 ದಿನಗಳವರೆಗೆ ಪರೀಕ್ಷಾರ್ಥವಾಗಿ ಬಳಸಬಹುದು. ಆನಂತರ ಶುಲ್ಕ ತೆತ್ತು ನೋಂದಾಯಿಸಿಕೊಳ್ಳಬೇಕು.

ಈ ತಂತ್ರಾಂಶದ ವಿಶೇಷವೆಂದರೆ ಬಳಕೆದಾರರೇ ಸ್ಕ್ರಿಪ್ಟ್, ಅಂದರೆ ಆದೇಶಗಳ ಪಟ್ಟಿಯನ್ನು, ಬರೆದು ತಮಗೆ ಬೇಕಾದ ಕೆಲಸವನ್ನು ಒಂದೇ ಪದದಿಂದ ಮಾಡಿಸಿಕೊಳ್ಳಬಹುದು. ಮೊಬೈಲ್ ದೂರವಾಣಿಯ ಸಾಮಾನ್ಯ ಸಂದೇಶ ತಂತ್ರಾಂಶಗಳಲ್ಲಿ ಬಳಕೆದಾರರಿಗೆ ಈ ಸೌಲಭ್ಯ ಇರುವುದಿಲ್ಲ. ಇಲ್ಲಿ ಹೇಳಿರುವ ಕ್ರಮ ಎಂಐಆರ್‌ಸಿಗೆ ಅನ್ವಯಿಸುತ್ತದೆ. ಆದೇಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ನೀಡಲಾಗಿದ್ದು, ಗಣಕಯಂತ್ರದಲ್ಲಿ ಅವುಗಳನ್ನು ರೋಮನ್ ಅಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು.

3. ಕಡತದ ಸ್ವರೂಪ

ಈ ಕೆಳಕಂಡ ನಿಯಮಗಳನ್ನು ಅನುಸರಿಸುವುದು ಸೂಕ್ತ:

(ಅ) ಎಲ್ಲ ಕಡತಗಳನ್ನೂ ಇದಕ್ಕಾಗಿಯೇ ತೆರೆದ ಒಂದು ಪ್ರತ್ಯೇಕ ಕಡತಕೋಶದಲ್ಲಿ ಇಡಬೇಕು.
(ಆ) ಒಂದು ಸೇವೆಗೆ ಒಂದು ಕಡತ. ಉದಾಹರಣೆಗೆ: ಆದಾಯ, ಜಾತಿ, ಉತಾರ (ಪಹಣಿ), ಪಿಂಚಣಿ.
(ಇ) ಮೊದಲ ಸಾಲಿನಲ್ಲಿ ಶೀರ್ಷಿಕೆ ಇರಬೇಕು. ನಂತರ ಒಂದು ಅರ್ಜಿಗೆ ಒಂದು ಸಾಲು: ಯಾರ ಅರ್ಜಿ, ಸಲ್ಲಿಸಿದ ದಿನಾಂಕ, ಸ್ವೀಕೃತಿ ಸಂಖ್ಯೆ, ಪ್ರಮಾಣ ಪತ್ರದ ಸಂಖ್ಯೆ.
(ಈ) ನಡುವೆ ಖಾಲಿ ಸಾಲು ಬಿಡಬಾರದು.

4. ಅವಶ್ಯವಿರುವ ಐದು ಕಾರ್ಯಗಳು

ಕಡತ ನಿರ್ವಹಣೆಗೆ ಐದು ಕಾರ್ಯಗಳು ಸಾಕು. ಪ್ರತಿಯೊಂದಕ್ಕೂ ‘ಏಲಿಯಾಸ್’ ಎಂಬ ಅಡ್ಡಹೆಸರನ್ನು ಕೊಟ್ಟು, ಆಲ್ಟ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ತೆರೆಯುವ ಸ್ಕ್ರಿಪ್ಟ್ ಸಂಪಾದಕದಲ್ಲಿ ಬರೆಯಬೇಕು.

ಪಟ್ಟಿ: ‘ಫೈಂಡ್‌ಫೈಲ್’ ಸೂಚಕಕ್ಕೆ ಕಡತಕೋಶದ ಹೆಸರು ಮತ್ತು 0 ಎಂಬ ಸಂಖ್ಯೆಯನ್ನು ನೀಡಿದರೆ ಅಲ್ಲಿರುವ ಕಡತಗಳ ಒಟ್ಟು ಸಂಖ್ಯೆ ದೊರೆಯುತ್ತದೆ. 1, 2, 3 ಎಂದು ನೀಡುತ್ತ ಹೋದರೆ ಒಂದೊಂದೇ ಕಡತದ ಹೆಸರು ದೊರೆಯುತ್ತದೆ. ಹೆಸರು ಪೂರ್ಣ ವಿಳಾಸದೊಡನೆ ಬರುವುದರಿಂದ ‘ನೋಪಾತ್’ ಸೂಚಕದಿಂದ ವಿಳಾಸವನ್ನು ತೆಗೆದು ತೋರಿಸಬಹುದು.

ನೋಡು: ‘ಲೈನ್ಸ್’ ಸೂಚಕದಿಂದ ಕಡತದ ಸಾಲುಗಳನ್ನು ಎಣಿಸಿ, ‘ರೀಡ್’ ಸೂಚಕದಿಂದ ಒಂದೊಂದೇ ಸಾಲನ್ನು ಓದಿ, ‘ಎಕೋ’ ಆದೇಶದಿಂದ ಪರದೆಯ ಮೇಲೆ ತೋರಿಸಬೇಕು. ‘ಎಕೋ’ ತೋರಿಸಿದ್ದು ತಮಗೆ ಮಾತ್ರ ಕಾಣುತ್ತದೆ. ‘ಸೇ’ ಅಥವಾ ‘ಎಂಎಸ್‌ಜಿ’ ಬಳಸಿದರೆ ಇತರರಿಗೂ ಹೋಗುತ್ತದೆ.

ಸೇರಿಸು: ‘ರೈಟ್’ ಆದೇಶವು ಕಡತದ ಕೊನೆಯಲ್ಲಿ ಹೊಸ ಸಾಲನ್ನು ಸೇರಿಸುತ್ತದೆ. ಆ ಹೆಸರಿನ ಕಡತ ಇಲ್ಲದಿದ್ದಲ್ಲಿ ತಾನೇ ಹೊಸದೊಂದನ್ನು ಸೃಷ್ಟಿಸುತ್ತದೆ. ‘ಆದಾಯ’ ಎಂಬುದನ್ನು ತಪ್ಪಾಗಿ ಬೆರಳಚ್ಚಿಸಿದರೆ ಎರಡನೆಯ ಕಡತ ಹುಟ್ಟಿ, ದಾಖಲೆ ಎರಡು ಕಡೆ ಹಂಚಿಹೋಗುತ್ತದೆ. ಆದ್ದರಿಂದ ಮೊದಲು ‘ಇಸ್‌ಫೈಲ್’ ಸೂಚಕದಿಂದ ಕಡತ ಇದೆಯೇ ಎಂದು ಪರಿಶೀಲಿಸಿ, ಇಲ್ಲದಿದ್ದರೆ ಬಳಕೆದಾರರ ಒಪ್ಪಿಗೆ ಕೇಳುವಂತೆ ಬರೆಯಬೇಕು.

ತಿದ್ದು: ‘ರೈಟ್’ ಆದೇಶಕ್ಕೆ ‘ಎಲ್’ ಗುರುತನ್ನೂ ಸಾಲಿನ ಸಂಖ್ಯೆಯನ್ನೂ ಸೇರಿಸಿದರೆ ಆ ಸಾಲಿನ ಸ್ಥಾನದಲ್ಲಿ ಹೊಸ ಸಾಲು ಬರುತ್ತದೆ.

ಅಳಿಸು: ‘ಡಿ’ ಮತ್ತು ‘ಎಲ್’ ಗುರುತುಗಳೊಡನೆ ಸಾಲಿನ ಸಂಖ್ಯೆ ನೀಡಿದರೆ ಆ ಸಾಲು ಮಾತ್ರ ಹೋಗುತ್ತದೆ. ಇಡೀ ಕಡತವನ್ನು ತೆಗೆಯಲು ‘ರಿಮೂವ್’ ಆದೇಶವಿದೆ.

5. ಅಳಿಸುವಾಗ ವಹಿಸಬೇಕಾದ ಎಚ್ಚರ

‘ರಿಮೂವ್’ ಆದೇಶವನ್ನು ‘ಬಿ’ ಗುರುತಿನೊಡನೆಯೇ ಬಳಸತಕ್ಕದ್ದು. ಆಗ ಕಡತವು ವಿಂಡೋಸ್‌ನ ಮರುಬಳಕೆ ಬುಟ್ಟಿಗೆ ಹೋಗುತ್ತದೆ ಮತ್ತು ಅಲ್ಲಿಂದ ಮರಳಿ ಪಡೆಯಬಹುದು. ಗುರುತಿಲ್ಲದೆ ಬಳಸಿದರೆ ಈ ಅವಕಾಶ ಇರುವುದಿಲ್ಲ. ‘ರೈಟ್’ ಆದೇಶದ ‘ಸಿ’ ಗುರುತು ಕಡತವನ್ನು ಪೂರ್ತಿ ಖಾಲಿ ಮಾಡುವುದರಿಂದ ಈ ಸ್ಕ್ರಿಪ್ಟಿನಲ್ಲಿ ಅದನ್ನು ಸೇರಿಸದಿರುವುದೇ ಲೇಸು.

ಹಲವು ಸಾಲುಗಳನ್ನು ಅಳಿಸಬೇಕಾದಲ್ಲಿ ಕೊನೆಯ ಸಾಲಿನಿಂದ ಆರಂಭಿಸಿ ಮೇಲಕ್ಕೆ ಬರಬೇಕು. 3ನೇ ಸಾಲನ್ನು ಮೊದಲು ಅಳಿಸಿದರೆ 4ನೆಯದು 3ನೆಯದಾಗುತ್ತದೆ. ಆನಂತರ 5ನ್ನು ಅಳಿಸಲು ಹೋದವರು ಮೂಲದ 6ನೇ ಸಾಲನ್ನು ಕಳೆದುಕೊಳ್ಳುತ್ತಾರೆ.

6. ಓದುವಾಗ ವಹಿಸಬೇಕಾದ ಎಚ್ಚರ

‘ರೀಡ್’ ಸೂಚಕಕ್ಕೆ ‘ಎನ್’ ಮತ್ತು ‘ಟಿ’ ಎಂಬ ಎರಡು ಗುರುತುಗಳನ್ನು ತಪ್ಪದೆ ನೀಡಬೇಕು. ‘ಎನ್’ ಇಲ್ಲದಿದ್ದರೆ ತಂತ್ರಾಂಶವು ಓದಿದ ಸಾಲನ್ನು ಬರಿಯ ಪಠ್ಯವೆಂದು ಭಾವಿಸದೆ, ಅದರಲ್ಲಿರುವ ಸೂಚಕಗಳನ್ನು ಕಾರ್ಯಗತಗೊಳಿಸುತ್ತದೆ. ಬೇರೆಯವರು ಕಳುಹಿಸಿದ ಸಾಲನ್ನು ಕಡತಕ್ಕೆ ಸೇರಿಸಿದ್ದಲ್ಲಿ ಇದು ಅಪಾಯಕಾರಿ. ‘ಟಿ’ ಇಲ್ಲದಿದ್ದರೆ, ಮೊದಲ ಸಾಲಿನಲ್ಲಿ ಕೇವಲ ಸಂಖ್ಯೆ ಇದ್ದಾಗ ಅದನ್ನು ಕಡತದ ಒಟ್ಟು ಸಾಲುಗಳ ಸಂಖ್ಯೆಯೆಂದು ತಂತ್ರಾಂಶ ತಿಳಿಯುತ್ತದೆ. ಅರ್ಜಿ ಸಂಖ್ಯೆಗಳ ಕಡತದಲ್ಲಿ ಈ ತೊಡಕು ಸುಲಭವಾಗಿ ಉಂಟಾಗಬಹುದು.

7. ಕನ್ನಡ ಬರಹಕ್ಕೆ ಸಂಬಂಧಿಸಿದ ಅಂಶಗಳು

2010ರಲ್ಲಿ ಬಂದ 7ನೇ ಆವೃತ್ತಿಯಿಂದ ಎಂಐಆರ್‌ಸಿ ಯೂನಿಕೋಡ್ ಅನ್ನು ಪೂರ್ಣವಾಗಿ ಬೆಂಬಲಿಸುತ್ತದೆ. ಅದಕ್ಕಿಂತ ಹಿಂದಿನ ಆವೃತ್ತಿಗಳನ್ನು ಕನ್ನಡ ಕಡತಗಳಿಗೆ ಬಳಸಬಾರದು. ಹಳೆಯ ನುಡಿ ಅಕ್ಷರ ವಿನ್ಯಾಸದಲ್ಲಿ ಸಿದ್ಧಪಡಿಸಿದ ಕಡತಗಳು ಯೂನಿಕೋಡ್ ಅಲ್ಲದ ಕಾರಣ ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಹಂಸಭಾವಿ’ ಎಂಬ ಪದದಲ್ಲಿ ಹ, ಅನುಸ್ವಾರ, ಸ, ಭ, ದೀರ್ಘದ ಚಿಹ್ನೆ, ವ ಮತ್ತು ಗುಡಿಸು ಸೇರಿ 7 ಸಂಕೇತಗಳಿದ್ದು, ಅದು 21 ಬೈಟ್ ಆಗುತ್ತದೆ. ಐಆರ್‌ಸಿಯ ಒಂದು ಸಂದೇಶದ ಮಿತಿ 512 ಬೈಟ್. ಇದರಲ್ಲಿ ವಿಳಾಸ ಮತ್ತು ಆದೇಶಗಳೂ ಸೇರಿವೆ. ಪಠ್ಯಕ್ಕೆ 400 ಬೈಟ್ ಉಳಿಯುವುದೆಂದು ಎಣಿಸಿದರೆ ಸುಮಾರು 130 ಕನ್ನಡ ಸಂಕೇತಗಳಿಗಷ್ಟೇ ಅವಕಾಶ. ಆದ್ದರಿಂದ ಸಾಲುಗಳು ಚಿಕ್ಕದಾಗಿರಲಿ.

ಅನುಸ್ವಾರ ‘ಂ’ ಮತ್ತು ಕನ್ನಡದ ಸೊನ್ನೆ ‘೦’ ನೋಡಲು ಒಂದೇ ತೆರನಾಗಿದ್ದರೂ ಗಣಕಯಂತ್ರಕ್ಕೆ ಬೇರೆ ಬೇರೆ. ಹಂಸಭಾವಿ ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆ ಬೆರಳಚ್ಚಿಸಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು, ಆದರೆ ಹುಡುಕಿದಾಗ ಆ ಸಾಲು ಸಿಗುವುದಿಲ್ಲ. ಸ್ವೀಕೃತಿ ಮತ್ತು ‘ಆರ್‌ಡಿ’ ಸಂಖ್ಯೆಗಳನ್ನು ಪ್ರಮಾಣ ಪತ್ರದಲ್ಲಿ ಮುದ್ರಿತವಾಗಿರುವ ರೋಮನ್ ಅಕ್ಷರ ಹಾಗೂ ಅಂಕಿಗಳಲ್ಲಿಯೇ ಬರೆಯಬೇಕು.

8. ಗೌಪ್ಯತೆ

(ಅ) ಇತರರು ಸಂದೇಶ ಕಳುಹಿಸಿದೊಡನೆ ಸ್ಕ್ರಿಪ್ಟ್ ತಾನಾಗಿಯೇ ಕಡತವನ್ನು ಓದಿ ಉತ್ತರಿಸುವ ವ್ಯವಸ್ಥೆ ಮಾಡಬಾರದು. ಹಾಗೆ ಮಾಡಿದರೆ ಅಪರಿಚಿತರು ಕಡತಕೋಶದ ಹೊರಗಿನ ಕಡತದ ಹೆಸರನ್ನು ಕೊಟ್ಟು ಅದನ್ನೂ ತರಿಸಿಕೊಳ್ಳಲು ಸಾಧ್ಯ.
(ಆ) ಬಳಕೆದಾರರು ನೀಡುವ ಹೆಸರನ್ನು ‘ಎಂಕೆಎಫ್‌ಎನ್’ ಸೂಚಕದ ಮೂಲಕ ಹಾಯಿಸಬೇಕು. ಕಡತದ ಹೆಸರಿನಲ್ಲಿ ಇರಬಾರದ ಚಿಹ್ನೆಗಳನ್ನು ಅದು ಬದಲಿಸುತ್ತದೆ.
(ಇ) ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಗುಪ್ತಪದ ಹಾಗೂ ಒಂದು ಬಾರಿಯ ಸಂಕೇತ ಸಂಖ್ಯೆಗಳನ್ನು ಈ ಕಡತಗಳಲ್ಲಿ ಬರೆಯಬಾರದು. ಪಠ್ಯ ಕಡತಕ್ಕೆ ಬೀಗವಿಲ್ಲ. ಗಣಕಯಂತ್ರ ತೆರೆದವರೆಲ್ಲರೂ ಓದಬಹುದು.
(ಈ) ಸಂಖ್ಯೆಯನ್ನು ಸಾರ್ವಜನಿಕ ಚಾನೆಲ್‌ನಲ್ಲಿ ಹಾಕದೆ, ಕೇಳಿದವರು ಮನೆಯವರೇ ಎಂದು ಖಚಿತಪಡಿಸಿಕೊಂಡು ಖಾಸಗಿ ಸಂದೇಶದಲ್ಲಿ ಮಾತ್ರ ಕಳುಹಿಸಬೇಕು.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಕಡತದಲ್ಲಿ ಬರೆದ ಸಂಖ್ಯೆಯನ್ನು ಕಚೇರಿಯಲ್ಲಿ ದಾಖಲೆಯಾಗಿ ತೋರಿಸಬಹುದೇ?
ಉತ್ತರ: ಇಲ್ಲ. ಇದು ಅರ್ಜಿದಾರರ ಸ್ವಂತ ಟಿಪ್ಪಣಿ ಮಾತ್ರ. ಮೂಲ ಸ್ವೀಕೃತಿ ಮತ್ತು ಪ್ರಮಾಣ ಪತ್ರಗಳನ್ನು ಕಾಯ್ದಿರಿಸಿಕೊಳ್ಳಬೇಕು.

ಪ್ರಶ್ನೆ: ಗಣಕಯಂತ್ರ ಕೆಟ್ಟರೆ ಏನು ಮಾಡಬೇಕು?
ಉತ್ತರ: ಪಠ್ಯ ಕಡತಗಳನ್ನು ನೋಟ್‌ಪ್ಯಾಡ್‌ನಂತಹ ಯಾವುದೇ ಸರಳ ತಂತ್ರಾಂಶದಲ್ಲಿ ತೆರೆಯಬಹುದು. ತಿಂಗಳಿಗೊಮ್ಮೆ ಕಡತಕೋಶದ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿ ಇಡುವುದು ಹಾಗೂ ಒಂದು ಮುದ್ರಿತ ಪ್ರತಿಯನ್ನು ಮೂಲ ಪತ್ರಗಳ ಜೊತೆಗೆ ಇಡುವುದು ಒಳಿತು.

ಪ್ರಶ್ನೆ: ಸಂಖ್ಯೆ ಸರಿಯಾಗಿದೆಯೆಂದು ತಿಳಿಯುವುದು ಹೇಗೆ?
ಉತ್ತರ: ಬರೆದ ದಿನವೇ ಮೂಲ ಪತ್ರವನ್ನು ಎದುರಿಗಿಟ್ಟುಕೊಂಡು, ಒಬ್ಬರು ಓದಿ ಹೇಳಿ ಮತ್ತೊಬ್ಬರು ತಾಳೆ ನೋಡಬೇಕು. ‘ಆರ್‌ಡಿ’ ಸಂಖ್ಯೆಯಾದರೆ ಅಕ್ಷರ ಮತ್ತು ಅಂಕಿಗಳು ಸೇರಿ ಒಟ್ಟು 15 ಇರಬೇಕು.