ಬೇಳೆ ಬೇಯುವ ನೀರು

ಬೆಂಗಳೂರಿನ ಕಾಡುಗೋಡಿ ಕಡೆ ನೀರಿನ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ. ಬೋರ್‌ವೆಲ್ ನೀರಿಗೆ ಹಾಕಿದ ತೊಗರಿಬೇಳೆ ಕುಕ್ಕರ್ ಆರು ಸಲ ಕೂಗಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತಂದ ಕ್ಯಾನ್ ನೀರಿನಲ್ಲಿ ಅದೇ ಬೇಳೆ ಬೆಣ್ಣೆ. ಹಾಗಾಗಿ ಅದು ‘ಒಳ್ಳೇ ನೀರು’. ಬೇಳೆಯನ್ನು ಬೇಯಲು ಬಿಡದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೇ ಘಟಕದ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರ ಸೋಸಿ ಚೆಲ್ಲುವುದು. ಕುಕ್ಕರಿಗೆ ಬೇಡವಾದದ್ದು ಮೈಗೂ ಬೇಡವೇ?

ಈ ಪ್ರಶ್ನೆ ಮೊದಲು ಎದ್ದದ್ದು ಜಪಾನಿನಲ್ಲಿ. ನದಿನೀರಿನ ಗುಣಕ್ಕೂ ಪಾರ್ಶ್ವವಾಯುವಿನ ಸಾವುಗಳಿಗೂ ನಂಟಿದೆಯೆಂದು 1957ರಲ್ಲಿ ಕೊಬಯಾಶಿ ಬರೆದರು. 1960ರಲ್ಲಿ ಅಮೆರಿಕದ ಶ್ರೋಡರ್, ಈ ಖನಿಜಗಳು ಹೆಚ್ಚಿರುವ ಗಡಸು ನೀರಿನ ಊರುಗಳಲ್ಲಿ ಹೃದ್ರೋಗದ ಸಾವು ಕಡಿಮೆ ಎಂದರು. ತಮಾಷೆಯೆಂದರೆ, ಸರಿಸುಮಾರು ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಲೋಬ್ ಮತ್ತು ಭಾರತ ಮೂಲದ ಸೌರಿರಾಜನ್ ಇಂದಿನ ಆರ್‌ಒ ಪೊರೆಯ ಮೂಲರೂಪವನ್ನು ಸಿದ್ಧಪಡಿಸುತ್ತಿದ್ದರು.

ವಿಶ್ವ ಆರೋಗ್ಯ ಸಂಸ್ಥೆಗಾಗಿ 1980ರಲ್ಲಿ ತಯಾರಾದ ವರದಿಯೊಂದು, ಉಪ್ಪು ತೆಗೆದ ನೀರಿನಲ್ಲೂ ಲೀಟರಿಗೆ ಕನಿಷ್ಠ 100 ಮಿ.ಗ್ರಾಂ ಲವಣ, 30 ಮಿ.ಗ್ರಾಂ ಕ್ಯಾಲ್ಸಿಯಂ ಇರಲಿ ಎಂದಿತು. 2005ರಲ್ಲಿ ಜೆಕ್ ತಜ್ಞ ಕೊಜಿಸೆಕ್ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. ಸಪ್ಪೆ ನೀರಿನಲ್ಲಿ ಬೇಯಿಸಿದರೆ ತರಕಾರಿಯ ಖನಿಜವೂ ನೀರಿಗಿಳಿದು ಹೋಗುತ್ತದೆ ಎಂಬುದು ಅದರಲ್ಲಿ ನನಗೆ ಮುಖ್ಯವಾಗಿ ಕಂಡ ಮಾತು. ಸಾರು ಬಸಿದು ಚೆಲ್ಲದ ನಮ್ಮ ಅಡುಗೆಗೆ ಅಷ್ಟು ನಷ್ಟವಿಲ್ಲವೇನೋ.

ಆದರೆ ಎಲ್ಲ ಸಾಕ್ಷ್ಯವೂ ಒಂದೇ ಕಡೆ ವಾಲುವುದಿಲ್ಲ. ಬ್ರಿಟನ್ನಿನಲ್ಲಿ 24 ಪಟ್ಟಣಗಳ 7,000ಕ್ಕೂ ಹೆಚ್ಚು ಗಂಡಸರನ್ನು ದಶಕಗಳ ಕಾಲ ಗಮನಿಸಿದವರಿಗೆ ಗಡಸು ನೀರು ಹೃದಯವನ್ನು ಕಾಯುತ್ತದೆಂಬುದು ಕಾಣಲಿಲ್ಲ. ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವ ಇಸ್ರೇಲಿನ ಸಂಶೋಧಕರೋ, ಮೆಗ್ನೀಸಿಯಂ ಕೊರತೆಯನ್ನು ಹೃದ್ರೋಗದ ಜೊತೆ ತಳುಕು ಹಾಕಿದರು. ನನ್ನ ಮಟ್ಟಿಗೆ, ಹಾಲು, ರಾಗಿ, ಸೊಪ್ಪು ಸರಿಯಾಗಿ ತಿನ್ನುವವನಿಗೆ ಇದು ಸಣ್ಣ ವಿಷಯ. ಊಟವೇ ಅರೆಬರೆಯಾದವನಿಗೆ ನೀರಿನ ಖನಿಜವೂ ಹೋದರೆ ದೊಡ್ಡದು.

ಹಾಗೆಂದು ಆರ್‌ಒ ಇಲ್ಲಿ ಶೋಕಿಗೆ ಬಂದದ್ದಲ್ಲ. ಪೂರ್ವಕ್ಕೆ ಕೋಲಾರದ ಫ್ಲೋರೈಡ್ ಸೀಮೆ. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರು ಹಲ್ಲು, ಎಲುಬು ಕೆಡಿಸುತ್ತದೆ. ಫ್ಲೋರೈಡ್ ತೆಗೆಯಲು ಈ ಯಂತ್ರ ಕೆಲಸಕ್ಕೆ ಬರುತ್ತದೆ. ಎಡವಟ್ಟಾದದ್ದು ಮಾರುವವನ ಕೈಯ ಪೆನ್ನಿನಂಥ ಟಿಡಿಎಸ್ ಮೀಟರಿನಿಂದ. ಒಂದು ಲೋಟದಲ್ಲಿ ಅದ್ದಿದರೆ 900, ಇನ್ನೊಂದರಲ್ಲಿ 40; ಗಿರಾಕಿ ಬೆಚ್ಚಿಬಿದ್ದ. ಆ ಮೀಟರು ಕರಗಿದ್ದು ಎಷ್ಟೆಂದು ಹೇಳುತ್ತದೆ, ಏನೆಂದು ಹೇಳುವುದಿಲ್ಲ.

ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬೇಡವೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2024ರ ಅಕ್ಟೋಬರಿನಲ್ಲಿ ಈ ಕಡೆಗೂ ಅಂಥ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಚಾಲೂ ಆಯಿತು. ಬೋರ್‌ವೆಲ್, ಟ್ಯಾಂಕರ್ ನಂಬಿದವರು ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಮಾಡಿಸಿ, ಯಂತ್ರದ ಟಿಡಿಎಸ್ಸನ್ನು 100ರ ಮೇಲೆ ಇಡಿಸಿಕೊಳ್ಳಿ. ಕಾವೇರಿ ನಲ್ಲಿ ಬಂದ ಮನೆಯವರು ಆರ್‌ಒ ಆಫ್ ಮಾಡಿ, ನೀರು ಕುದಿಸಿ ಕುಡಿಯಿರಿ. ಬೇಳೆ ಅದರಲ್ಲೂ ಬೇಯುತ್ತದೆ.