ಹೆಸರು ಬರೆಯುವ ಜಾಗ

ನಮ್ಮ ನಾನಾ ಹಾಡಿದ ಮೊಹರಂ ಪದಗಳು ಎರಡು ಕ್ಯಾಸೆಟ್ಟುಗಳಲ್ಲಿದ್ದವು. 2006ರಲ್ಲಿ ಅವನ್ನು ಲಕ್ಷ್ಮೇಶ್ವರದಲ್ಲೇ ಎರಡು ಸಿ.ಡಿ.ಗಳಿಗೆ ಇಳಿಸಿಸಿ, ಕ್ಯಾಸೆಟ್ಟುಗಳನ್ನು ಎಸೆದುಬಿಟ್ಟೆವು. ಸಿ.ಡಿ. ಎಂದರೆ ಶಾಶ್ವತ ಎಂಬುದು ಆಗಿನ ನಂಬಿಕೆ. ಅಂಗಡಿಯವರು ಚೆಂದದ ಬಣ್ಣದ ಸ್ಟಿಕರ್ ಬೇರೆ ಅಂಟಿಸಿಕೊಟ್ಟಿದ್ದರು: 'ಮೊಹರಂ ಪದಗಳು, 2006'. ಕೆಲವು ವರ್ಷಗಳಲ್ಲಿ ಒಂದರ ಅಂಚು ಮೇಲೆದ್ದಿತು. ಎಳೆದೆವು. ಸ್ಟಿಕರಿನ ಬೆನ್ನಿಗೆ ಬೆಳ್ಳಿಯಂಥ ಪದರವೂ ಕಿತ್ತು ಬಂತು. ಆ ಸಿ.ಡಿ. ಮತ್ತೆ ಹಾಡಲಿಲ್ಲ.

ಅದರ ರಚನೆ ಗೊತ್ತಿದ್ದರೆ ಎಳೆಯುತ್ತಿರಲಿಲ್ಲ. 1988ರಲ್ಲಿ ಜಪಾನಿನ ತೈಯೊ ಯೂಡೆನ್ ಕಂಪನಿ ರೂಪಿಸಿದ, ಮನೆಯಲ್ಲೇ ಬರೆಯಬಹುದಾದ ಈ ಸಿ.ಡಿ.ಯ ದಪ್ಪ 1.2 ಮಿಲಿಮೀಟರ್. ಬಹುಪಾಲು ಬರೀ ಪ್ಲಾಸ್ಟಿಕ್. ದನಿಯನ್ನು ಹಿಡಿದಿಡುವ ಬಣ್ಣದ ಪದರವೂ ಅದರ ಮೇಲಿನ ಲೋಹವೂ ಇರುವುದು ಹೆಸರು ಬರೆಯುವ ಬದಿಗೇ, ತೆಳುವಾದ ಲೇಪವೊಂದರ ಕೆಳಗೆ. ನಾವೋ ಹೊಳೆಯುವ ಬದಿಯನ್ನೇ ಜೋಪಾನ ಮಾಡುತ್ತ ಬಂದೆವು! ಬಾಲ್‌ಪೆನ್ನಿನ ಮೊನೆ ಒತ್ತಿದರೂ, ಘಾಟು ವಾಸನೆಯ ಮಾರ್ಕರಿನ ದ್ರಾವಕ ಇಳಿದರೂ ಆ ಪದರಕ್ಕೆ ಅಪಾಯ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲೇ ಕೈಪಿಡಿ ಹೊರಡಿಸಿ ಇದನ್ನೆಲ್ಲ ಹೇಳಿತ್ತು. ನೀರಿನ ಶಾಯಿಯ ಮೆತ್ತನೆ ತುದಿಯ ಪೆನ್ನು ವಾಸಿ. ನಡುರಂಧ್ರದ ಸುತ್ತಲಿನ ಪಾರದರ್ಶಕ ಬಳೆಯಲ್ಲಿ ಬರೆದರೆ ಇನ್ನೂ ವಾಸಿ, ಅಲ್ಲಿ ಹಾಡೇ ಇರುವುದಿಲ್ಲ. ಅಂಟಿಸಿಬಿಟ್ಟ ಸ್ಟಿಕರನ್ನು ಮಾತ್ರ ಕೀಳಬಾರದು.

ಎಲ್ಲಿ ಬರೆಯಬೇಕೆಂಬುದು ಹೀಗೆ ತಿಳಿಯಿತು. ಏನು ಬರೆಯಬೇಕೆಂಬುದಕ್ಕೆ ನಮ್ಮೂರ ಶಂಖ ಬಸದಿಯ ಶಾಸನವನ್ನು ನೆನೆಯಬೇಕು. ಅದರಲ್ಲಿ ಗಂಗರ ಮಾರಸಿಂಹನ ಶಕ 890ರ, ಅಂದರೆ ಕ್ರಿ.ಶ. 968ರ ಸುಮಾರಿನ ದಾನವಿದೆ. ಅದೇ ಕಲ್ಲಿನಲ್ಲಿ, ಅದಕ್ಕಿಂತ ಎರಡು ಶತಮಾನಕ್ಕೂ ಹಿಂದಿನ ಬಾದಾಮಿ ಚಾಲುಕ್ಯರ ದಾನವೂ ಇದೆ. ತೇದಿ ಹಳೆಯದು, ಅಕ್ಷರ ಹತ್ತನೆಯ ಶತಮಾನದ್ದು. ಶಾಸನವನ್ನು ಪ್ರಕಟಿಸಿದ ಜೆ.ಎಫ್. ಫ್ಲೀಟ್ ಹಳೆಯ ದಾನದ ಮಾತನ್ನೇ ಶಂಕಿಸಿದರು. ಹಳೆಯ ದಾಖಲೆಯನ್ನು ಉಳಿಸಲೆಂದು ಮಾಡಿದ ನಕಲು ಎಂದು ಓದುವವರೂ ಇದ್ದಾರೆ. 'ಇದು ಇಂಥ ವರ್ಷದ ಪ್ರತಿ' ಎಂದು ಒಂದು ಸಾಲು ಕೆತ್ತಿದ್ದರೆ ಈ ಜಗಳಕ್ಕೆ ಜಾಗವಿರುತ್ತಿರಲಿಲ್ಲ.

ನಮ್ಮ ಸ್ಟಿಕರೂ ಅದೇ ತಪ್ಪು ಮಾಡಿತ್ತು. 2006ರಲ್ಲಿ ನಾನಾ ಬದುಕಿರಲಿಲ್ಲ. ಅವರು ತೀರಿಕೊಂಡು ಎಂಟು ವರ್ಷವಾಗಿತ್ತು. ಉಳಿದ ಒಂದು ಸಿ.ಡಿ.ಯ ಸ್ಟಿಕರನ್ನು ಮುಟ್ಟದೆ, ಹಾಡುಗಳನ್ನು ಕಂಪ್ಯೂಟರಿಗೂ ಹೊಸ ಸಿ.ಡಿ.ಗೂ ಇಳಿಸಿದೆವು. ಹೊಸದರ ನಡುಬಳೆಯಲ್ಲಿ ಒಂದೇ ಅಂಕೆ: 1. ಡಬ್ಬಿಯೊಳಗಿನ ಚೀಟಿಯಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ನಾನಾರ ಹೆಸರು, ಅವರು ಹಾಡಿದ ವರ್ಷ 1991, ಮೊದಲ ಪ್ರತಿ 2006, ಆಮೇಲೆ ಈ ಪ್ರತಿಯ ತೇದಿ.