ಯೀಸ್ಟ್ ಕೋಶದ ಸ್ರವಿಕೆಯ ಹಾದಿ: ಮೂಲ ಸಂಶೋಧನೆಯಿಂದ ಇನ್ಸುಲಿನ್ ತಯಾರಿಕೆಯವರೆಗೆ

ಸಾರಾಂಶ

ಯೀಸ್ಟ್ ತಾನು ತಯಾರಿಸಿದ ಪ್ರೋಟೀನನ್ನು ಕೋಶದ ಹೊರಕ್ಕೆ ಸಾಗಿಸುವ ಬಗೆ 1979ರಿಂದೀಚೆಗೆ ತಳಿವಿಜ್ಞಾನದ ನೆರವಿನಿಂದ ಹಂತಹಂತವಾಗಿ ತಿಳಿದುಬಂದಿದೆ. ಈ ತಿಳಿವಳಿಕೆ ಬೆಳೆದುಬಂದ ರೀತಿಯನ್ನೂ ಇನ್ಸುಲಿನ್ ತಯಾರಿಕೆಯಲ್ಲಿ ಅದು ಬಳಕೆಗೆ ಬಂದುದನ್ನೂ ಈ ಲೇಖನ ಒಟ್ಟಿಗೆ ಪರಿಶೀಲಿಸುತ್ತದೆ. ಔಷಧ ತಯಾರಿಕೆಯಲ್ಲಿ ಯೀಸ್ಟಿನ ಉಪಯುಕ್ತತೆ ಮತ್ತು ಮಿತಿ ಎರಡಕ್ಕೂ ಇದೇ ಹಾದಿಯ ರಚನೆ ಕಾರಣ ಎಂಬುದು ಇಲ್ಲಿಯ ವಾದ.

1. ಪೀಠಿಕೆ

ಬ್ರೆಡ್ ಮತ್ತು ಬಿಯರ್ ತಯಾರಿಕೆಯಲ್ಲಿ ಬಳಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಏಕಕೋಶ ಜೀವಿ. ಆದರೆ ಅದು ಬ್ಯಾಕ್ಟೀರಿಯಾ ಅಲ್ಲ. ಅದಕ್ಕೆ ಕೋಶಕೇಂದ್ರವಿದೆ; ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಗಾಲ್ಜಿ, ಮೈಟೊಕಾಂಡ್ರಿಯ ಮೊದಲಾಗಿ ನಮ್ಮ ಜೀವಕೋಶಗಳಲ್ಲಿರುವ ಕೋಶಾಂಗಗಳೂ ಇವೆ. ಆಹಾರ ಸಮೃದ್ಧವಾಗಿದ್ದರೆ ಸುಮಾರು 90 ನಿಮಿಷಕ್ಕೊಮ್ಮೆ ಮೊಗ್ಗೊಡೆದು ಇಮ್ಮಡಿಯಾಗುತ್ತದೆ. ವರ್ಣತಂತುಗಳ ಒಂದೇ ಗಣದಿಂದಲೂ ಬದುಕಬಲ್ಲದಾದ್ದರಿಂದ, ಒಂದು ಜೀನಿನ ದೋಷವನ್ನು ಅದರ ಜೋಡಿ ಮರೆಮಾಚುವ ಸಂದರ್ಭವೇ ಅಲ್ಲಿರುವುದಿಲ್ಲ.

ಇದರ 16 ವರ್ಣತಂತುಗಳ ಪೂರ್ಣ ಅನುಕ್ರಮ 1996ರಲ್ಲಿ ಪ್ರಕಟವಾಯಿತು. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಜೀನೋಮ್ ಪೂರ್ತಿಯಾಗಿ ಓದಲ್ಪಟ್ಟ ಮೊದಲನೆಯದು ಇದೇ. ಅದರಲ್ಲಿರುವ ಜೀನುಗಳು ಸುಮಾರು 6,000. ಯೀಸ್ಟಿನ ಬದುಕಿಗೆ ಅನಿವಾರ್ಯವಾದ ನಾನೂರಕ್ಕೂ ಹೆಚ್ಚು ಜೀನುಗಳನ್ನು ಒಂದೊಂದಾಗಿ ತೆಗೆದು, ಅವುಗಳ ಜಾಗದಲ್ಲಿ ಮನುಷ್ಯನ ಜೀನನ್ನು ಇಟ್ಟು ನೋಡಿದ ಅಧ್ಯಯನ 2015ರಲ್ಲಿ ಹೊರಬಂತು. ಹೆಚ್ಚುಕಡಿಮೆ ಅರ್ಧದಷ್ಟು ಸಂದರ್ಭಗಳಲ್ಲಿ ಯೀಸ್ಟ್ ಬದುಕುಳಿಯಿತು. ಯೀಸ್ಟಿನಲ್ಲಿ ಕಂಡದ್ದು ಮನುಷ್ಯನಿಗೂ ಅನ್ವಯಿಸಬಹುದೆಂಬ ನಿರೀಕ್ಷೆಗೆ ಇಂಥ ಪ್ರಯೋಗಗಳು ಗಟ್ಟಿ ಆಧಾರ ಒದಗಿಸಿವೆ.

2. ಭಾರವಾದ ಕೋಶಗಳ ಹುಡುಕಾಟ

1970ರ ದಶಕದ ಕೊನೆಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರ‍್ಯಾಂಡಿ ಶೆಕ್‌ಮನ್ ಮತ್ತು ಪೀಟರ್ ನೊವಿಕ್ ಸ್ರವಿಕೆ ಕೆಟ್ಟ ಯೀಸ್ಟ್ ತಳಿಗಳಿಗಾಗಿ ಹುಡುಕಿದರು. ಸ್ರವಿಕೆ ಪೂರ್ತಿ ನಿಂತರೆ ಕೋಶ ಸಾಯುತ್ತದೆ. ಸತ್ತ ಕೋಶವನ್ನು ಬೆಳೆಸಿ ಅಭ್ಯಾಸ ಮಾಡುವಂತಿಲ್ಲ. ಆದ್ದರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿದ್ದು 37 ಡಿಗ್ರಿಯಲ್ಲಿ ಮಾತ್ರ ದೋಷ ತೋರುವ ತಳಿಗಳನ್ನು ಅವರು ಆರಿಸಿಕೊಂಡರು. 1979ರಲ್ಲಿ ವರದಿಯಾದ ಸೆಕ್-1 ಎಂಬ ತಳಿಯನ್ನು 37 ಡಿಗ್ರಿಯಲ್ಲಿಟ್ಟಾಗ, ಹೊರಹೋಗಬೇಕಿದ್ದ ಇನ್ವರ್ಟೇಸ್ ಕಿಣ್ವ ಒಳಗೇ ಉಳಿಯಿತು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ತುಂಬ ಪೊರೆಯ ಕಿರುಚೀಲಗಳು ಕಿಕ್ಕಿರಿದಿದ್ದವು.

ಮುಂದಿನ ಹೆಜ್ಜೆಗೆ ಒಂದು ಸರಳ ಭೌತಿಕ ಗುಣ ನೆರವಾಯಿತು. ಸ್ರವಿಕೆ ನಿಂತ ಕೋಶ ಪ್ರೋಟೀನ್ ತಯಾರಿಸುತ್ತಲೇ ಇರುತ್ತದೆ, ಆದರೆ ಅದರ ಹೊರಮೈ ಹಿಗ್ಗುವುದಿಲ್ಲ. ಹೀಗಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಸಾಂದ್ರತೆ ಪದರಪದರವಾಗಿ ಏರುವ ದ್ರಾವಣದಲ್ಲಿ ಕೋಶಗಳನ್ನು ಗಿರಕಿ ಹೊಡೆಸಿದಾಗ ಭಾರವಾದವು ಕೆಳಗಿನ ಪದರಕ್ಕೆ ಇಳಿದವು. ಅವನ್ನು ಎತ್ತಿಕೊಂಡು ಪರೀಕ್ಷಿಸಿ, 1980ರ ಹೊತ್ತಿಗೆ ಸ್ರವಿಕೆಗೆ ಬೇಕಾದ 23 ಜೀನುಗಳನ್ನು ಗುರುತಿಸಲಾಯಿತು. ಮರುವರ್ಷ ಎರಡೆರಡು ದೋಷಗಳನ್ನು ಒಂದೇ ಕೋಶದಲ್ಲಿ ಕೂಡಿಸಿ, ಹಾದಿಯಲ್ಲಿ ಯಾವ ಜೀನಿನ ಕೆಲಸ ಮೊದಲು, ಯಾವುದರದು ಆಮೇಲೆ ಎಂಬ ಕ್ರಮವನ್ನೂ ತೋರಿಸಿದರು: ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ ಗಾಲ್ಜಿಗೆ, ಅಲ್ಲಿಂದ ಕಿರುಚೀಲಗಳಲ್ಲಿ ಹೊರಪೊರೆಗೆ.

ಜೇಮ್ಸ್ ರಾತ್‌ಮನ್ ಸಸ್ತನಿಗಳ ಕೋಶದಿಂದ ಬೇರ್ಪಡಿಸಿದ್ದ ಒಂದು ಪ್ರೋಟೀನ್, ಯೀಸ್ಟಿನ ಸೆಕ್-18ರ ಸಮಾನರೂಪಿ ಎಂದು 1989ರಲ್ಲಿ ತಿಳಿದಾಗ ಈ ಹಾದಿ ಎರಡೂ ಜೀವಿಗಳಿಗೆ ಸಮಾನವೆಂಬುದು ಖಚಿತವಾಯಿತು. ಶೆಕ್‌ಮನ್, ರಾತ್‌ಮನ್ ಮತ್ತು ಥಾಮಸ್ ಸೂಡಾಫ್ 2013ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

3. ಇನ್ಸುಲಿನ್‌ಗೆ ದಾರಿ

ಯೀಸ್ಟಿನಲ್ಲಿ ಎರಡು ಕೂಡುವ ಬಗೆಗಳಿವೆ. ಅವುಗಳಲ್ಲಿ ಒಂದು, ಆಲ್ಫಾ ಅಂಶ ಎಂಬ 13 ಅಮೈನೋ ಆಮ್ಲಗಳ ಸಂಕೇತವನ್ನು ಹೊರಬಿಡುತ್ತದೆ. ಕೋಶ ಇದನ್ನು ಮೊದಲು ಉದ್ದದ ಸರಪಳಿಯಾಗಿ ಹೆಣೆಯುತ್ತದೆ. ಸರಪಳಿಯ ತುದಿಯಲ್ಲಿರುವ ಮುಂಭಾಗ ಅದನ್ನು ಸ್ರವಿಕೆಯ ಹಾದಿಗೆ ಹತ್ತಿಸುತ್ತದೆ. ಗಾಲ್ಜಿ ತಲುಪಿದ ಮೇಲೆ ಕೆಕ್ಸ್-2 ಎಂಬ ಕಿಣ್ವ ಲೈಸೀನ್–ಆರ್ಜಿನೀನ್ ಜೋಡಿಯ ನಂತರ ಕತ್ತರಿಸಿ ಮುಂಭಾಗವನ್ನು ಬಿಡಿಸುತ್ತದೆ. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಪ್ರೊಇನ್ಸುಲಿನ್ ಅನ್ನು ಕತ್ತರಿಸುವ ಕಿಣ್ವಗಳು ಕೆಕ್ಸ್-2ರ ಬಂಧುಗಳೇ. ಆಲ್ಫಾ ಅಂಶದ ಮುಂಭಾಗಕ್ಕೆ ಬೇರೊಂದು ಪ್ರೋಟೀನನ್ನು ಜೋಡಿಸಿದರೆ ಯೀಸ್ಟ್ ಅದನ್ನೂ ಹೊರಗೆ ಬಿಡುತ್ತದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪುನಸ್ಸಂಯೋಜಿತ ಇನ್ಸುಲಿನ್ ಇ. ಕೋಲಿ ಬ್ಯಾಕ್ಟೀರಿಯಾದ್ದು. ಅಲ್ಲಿ ಪ್ರೋಟೀನ್ ಕೋಶದೊಳಗೆ ಗಂಟುಗಟ್ಟುತ್ತದೆ. ಕೋಶ ಒಡೆದು, ಗಂಟು ಕರಗಿಸಿ, ಸರಪಳಿಯನ್ನು ಮತ್ತೆ ಸರಿಯಾಗಿ ಮಡಿಸಬೇಕು. ಇನ್ಸುಲಿನ್‌ನ 51 ಅಮೈನೋ ಆಮ್ಲಗಳನ್ನು ಮೂರು ಗಂಧಕ ಬಂಧಗಳು ಹಿಡಿದಿಟ್ಟಿವೆ. ಯೀಸ್ಟಿನಲ್ಲಿ ಈ ಬಂಧಗಳು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಕೂಡಿಕೊಳ್ಳುತ್ತವೆ. ಪ್ರೊಇನ್ಸುಲಿನ್‌ನ ನಡುವಿನ ಉದ್ದನೆಯ ಕೊಂಡಿಯ ಬದಲು ಚಿಕ್ಕ ಕೊಂಡಿಯನ್ನಿಟ್ಟ ಇನ್ಸುಲಿನ್-ಪೂರ್ವರೂಪವನ್ನು ಯೀಸ್ಟ್ ಚೆನ್ನಾಗಿ ಸ್ರವಿಸುತ್ತದೆ ಎಂದು ಡೆನ್ಮಾರ್ಕಿನ ನೋವೊ ಸಂಸ್ಥೆಯ ಸಂಶೋಧಕರು 1986ರಲ್ಲಿ ವರದಿಮಾಡಿದರು. ಪೂರ್ವರೂಪ ಹೊರಗಿನ ದ್ರವಕ್ಕೆ ಬಂದ ಮೇಲೆ ಕಿಣ್ವಗಳಿಂದ ಅದನ್ನು ಇನ್ಸುಲಿನ್ ಆಗಿ ಮಾರ್ಪಡಿಸಬಹುದು.

4. ಪಿಕಿಯಾ ಮತ್ತು ಬೆಂಗಳೂರು

ಪಿಕಿಯಾ ಪಾಸ್ಟೋರಿಸ್ ಮೆಥನಾಲ್ ತಿಂದು ಬದುಕಬಲ್ಲ ಯೀಸ್ಟ್. ಮೆಥನಾಲ್ ಸಿಕ್ಕಾಗ ಅದರ ಆಲ್ಕೊಹಾಲ್ ಆಕ್ಸಿಡೇಸ್ ಜೀನ್ ಜೋರಾಗಿ ಚಾಲೂ ಆಗುತ್ತದೆ, ಗ್ಲೂಕೋಸ್ ಇದ್ದರೆ ಸುಮ್ಮನಿರುತ್ತದೆ. ಆ ಜೀನಿನ ನಿಯಂತ್ರಕದ ಕೈಕೆಳಗೆ ಬೇಕಾದ ಜೀನನ್ನು ಇಟ್ಟರೆ ಮೊದಲು ಕೋಶಗಳನ್ನು ಬೆಳೆಸಿಕೊಂಡು, ಆಮೇಲೆ ಮೆಥನಾಲ್ ಕೊಟ್ಟು ಉತ್ಪಾದನೆ ಶುರುಮಾಡಬಹುದು. ಸ್ಯಾಕರೊಮೈಸಿಸ್‌ನ ಆಲ್ಫಾ ಅಂಶದ ಮುಂಭಾಗ ಪಿಕಿಯಾದಲ್ಲೂ ಕೆಲಸ ಮಾಡುತ್ತದೆ.

ಬ್ರೂಮಾಸ್ಟರ್ ಆಗಿ ತರಬೇತಿ ಪಡೆದ ಕಿರಣ್ ಮಜುಂದಾರ್ ಷಾ 1978ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್, 2004ರಲ್ಲಿ ಪಿಕಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ಇನ್ಸುಜೆನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪಿಕಿಯಾದ ಜೀನ್ ನಿಯಂತ್ರಣ ಕುರಿತ ಮೂಲ ಅಧ್ಯಯನಗಳು ನಡೆದಿವೆ.

5. ಮಿತಿ ಮತ್ತು ಉಪಸಂಹಾರ

ಇದೇ ಹಾದಿಯಲ್ಲಿ ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿಗಳೂ ಅಂಟಿಕೊಳ್ಳುತ್ತವೆ. ಮೊದಲ ಹಂತಗಳು ಯೀಸ್ಟಿನಲ್ಲೂ ಮನುಷ್ಯನಲ್ಲೂ ಒಂದೇ. ಗಾಲ್ಜಿಗೆ ಬಂದ ಮೇಲೆ ದಾರಿ ಕವಲೊಡೆಯುತ್ತದೆ. ಯೀಸ್ಟ್ ಅಲ್ಲಿ ಮ್ಯಾನೋಸ್ ಸಕ್ಕರೆಯನ್ನು ಪೇರಿಸುತ್ತ ಹೋಗುತ್ತದೆ. ಅಂಥ ಪ್ರೋಟೀನ್ ರಕ್ತದಿಂದ ಬೇಗ ಮಾಯವಾಗಬಹುದು, ಪ್ರತಿರೋಧ ವ್ಯವಸ್ಥೆಯನ್ನು ಕೆರಳಿಸಲೂಬಹುದು. ಇನ್ಸುಲಿನ್‌ನಲ್ಲಿ ಸಕ್ಕರೆಯ ಸರಪಳಿ ಇಲ್ಲದ್ದರಿಂದ ಅದಕ್ಕೆ ಯೀಸ್ಟ್ ಒಪ್ಪಿತು. ಸಕ್ಕರೆಯ ಸರಪಳಿಯುಳ್ಳ ಪ್ರತಿಕಾಯಗಳಿಗೆ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಪಿಕಿಯಾದ ಸಕ್ಕರೆ ಜೋಡಿಸುವ ಜೀನುಗಳನ್ನು ಬದಲಿಸಿ ಮಾನವ ಮಾದರಿಯ ಸರಪಳಿ ಪಡೆದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಗಾಲ್ಜಿಯ ಒಳಗಿನ ಕೆಲಸ ಕಿಣ್ವ ಕಿಣ್ವವಾಗಿ ಗೊತ್ತಿರದಿದ್ದರೆ ಆ ತಿದ್ದುಪಡಿಗೆ ಕೈಹಾಕಲು ಸಾಧ್ಯವೇ ಇರಲಿಲ್ಲ.

ಶೆಕ್‌ಮನ್ ಮತ್ತು ನೊವಿಕ್ ಕೇಳಿದ್ದು, ಕೋಶ ತನ್ನ ಸರಕನ್ನು ಹೇಗೆ ಸಾಗಿಸುತ್ತದೆ ಎಂಬ ಒಂದೇ ಪ್ರಶ್ನೆ. ಯಾವ ಔಷಧಕ್ಕೆ ಯೀಸ್ಟ್ ಸಾಕು, ಯಾವುದಕ್ಕೆ ಸಾಲದು, ಸಾಲದಿದ್ದಲ್ಲಿ ತಿದ್ದಬೇಕಾದದ್ದು ಎಲ್ಲಿ ಎಂದು ಇಂದು ಹೇಳಲು ಆಗುವುದು ಆ ಪ್ರಶ್ನೆಗೆ ಸಿಕ್ಕ ಉತ್ತರಗಳಿಂದ. ಆದ್ದರಿಂದ ತಕ್ಷಣದ ಲಾಭ ಕಾಣದೆಂಬ ಕಾರಣಕ್ಕೆ ಯೀಸ್ಟಿನ ಮೂಲ ಅಧ್ಯಯನಕ್ಕೆ ಅನುದಾನ ತಗ್ಗಿಸುವುದು, ಮುಂದಿನ ಔಷಧಗಳ ದಾರಿಯನ್ನು ನಾವೇ ಮುಚ್ಚಿಕೊಂಡಂತೆ. ಈ ಅಧ್ಯಯನಕ್ಕೆ ಪ್ರಾಣಿಗೃಹ ಬೇಡ, ತೊಡಗಲು ಬೇಕಾದ ಮೊದಲ ಸಲಕರಣೆಗಳೂ ದುಬಾರಿಯಲ್ಲ. ನಮ್ಮ ಪದವಿ ಕಾಲೇಜುಗಳ ಪ್ರಯೋಗಾಲಯಗಳಲ್ಲೂ ಯೀಸ್ಟ್ ತಳಿವಿಜ್ಞಾನವನ್ನು ಕೈಯಾರೆ ಮಾಡಿ ಕಲಿಸುವ ವ್ಯವಸ್ಥೆ ಆಗಬೇಕು.